ಎಷ್ಟು ಎಲೆ ಹಾಕಿಸಬೇಕು?

ಸೂರತ್ ನಗರದ ದಕ್ಷಿಣಕ್ಕಿರುವ ಉಧ್ನಾ ದುಡಿಯುವವರ ಊರು. ಗಲ್ಲಿಗಲ್ಲಿಯಲ್ಲೂ ಪವರ್‌ಲೂಮುಗಳ ಸದ್ದು. ಮುಂಬೈ–ಅಹಮದಾಬಾದ್ ಮುಖ್ಯ ಮಾರ್ಗದಿಂದ ಜಳಗಾಂವ್ ಕಡೆಗೆ ಹೋಗುವ ತಾಪ್ತಿ ಕಣಿವೆಯ ಹಳಿ ಕವಲೊಡೆಯುವುದು ಇಲ್ಲಿಯ ಜಂಕ್ಷನ್ನಿನಲ್ಲೇ. ಒಡಿಶಾ, ಬಿಹಾರ, ಉತ್ತರ ಪ್ರದೇಶ, ಮಹಾರಾಷ್ಟ್ರಗಳಿಂದ ಕೆಲಸ ಹುಡುಕಿ ಬಂದು ನೆಲೆನಿಂತವರು ಇಲ್ಲಿ ಲೆಕ್ಕವಿಲ್ಲದಷ್ಟು. ಸೂರತ್ತಿನ ಈ ಜನಸಂದಣಿಯಲ್ಲಿ ಕನ್ನಡ ಮಾತಾಡುವ ಮನೆಗಳೂ ಇವೆ. ಇಂಥ ಮನೆಯಲ್ಲಿ ಮದುವೆ ಗೊತ್ತಾಯಿತೆಂದರೆ ಕರೆಯಬೇಕಾದವರಲ್ಲಿ ಹೆಚ್ಚಿನವರು ಅಕ್ಕಪಕ್ಕದ ಓಣಿಯವರು, ಜೊತೆಗೆ ದುಡಿಯುವವರು. ಉಳಿದವರು ಸಾವಿರ ಕಿಲೋಮೀಟರಿನ ಆಸುಪಾಸು ದೂರದ ಹುಬ್ಬಳ್ಳಿ, ಗದಗ, ಬೆಳಗಾವಿಯ ನೆಂಟರು.

ಛತ್ರ ಹಿಡಿದಾಯಿತು (ಗುಜರಾತಿನಲ್ಲಿ ಅದನ್ನು ವಾಡಿ ಎನ್ನುತ್ತಾರೆ), ಲಗ್ನಪತ್ರಿಕೆ ಹಂಚಿದ್ದಾಯಿತು. ಆಮೇಲೆ ಕೇಟರಿಂಗ್‌ನವರು ಒಂದೇ ಒಂದು ಪ್ರಶ್ನೆ ಕೇಳುತ್ತಾರೆ: ಎಷ್ಟು ಡಿಶ್? ಅಲ್ಲಿ ದರ ನಿಗದಿಯಾಗುವುದು ತಟ್ಟೆಯ ಲೆಕ್ಕದಲ್ಲಿ, ನಮ್ಮ ಅಡುಗೆ ಕಾಂಟ್ರಾಕ್ಟಿನವರು ಎಲೆ ಲೆಕ್ಕ ಹಿಡಿಯುವ ಹಾಗೆ. ಮನೆಯ ಹಿರಿಯರು ತಲೆ ಕೆರೆದುಕೊಂಡು ಒಂದು ಸಂಖ್ಯೆ ಹೇಳುತ್ತಾರೆ. ಆಪತ್ತಿಗಿರಲಿ ಎಂದು ಅದರ ಮೇಲೆ ಇನ್ನೊಂದು ಐವತ್ತು ಸೇರಿಸುತ್ತಾರೆ. ಈ ಐವತ್ತು ಎಲ್ಲಿಂದ ಬಂತು, ನೂರು ಯಾಕಲ್ಲ, ಇಪ್ಪತ್ತು ಯಾಕಲ್ಲ ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ. ಈ ಪ್ರಶ್ನೆಗೆ ಉತ್ತರವಿದೆ, ಅದನ್ನು ಮನೆಯಲ್ಲೇ ಕಾಗದ ಪೆನ್ಸಿಲ್ ಹಿಡಿದು ಕಂಡುಕೊಳ್ಳಬಹುದು ಎಂಬುದು ಈ ಲೇಖನದ ವಿಷಯ.

ಸಂಖ್ಯಾಶಾಸ್ತ್ರದ ದೊಡ್ಡ ಹೆಸರುಗಳಲ್ಲೊಂದು ಸಿ. ಆರ್. ರಾವ್. ಅವರು 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಇಂದಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿಯಲ್ಲಿ. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು, 1945ರಲ್ಲಿ, ಇಪ್ಪತ್ತೈದರ ಹರೆಯದಲ್ಲಿ, ಅಂದಾಜುಗಳ ನಿಖರತೆಗೆ ಇರುವ ಮಿತಿಯ ಬಗ್ಗೆ ಬರೆದ ಪ್ರಬಂಧದಿಂದ ಜಗತ್ತಿಗೆ ಪರಿಚಿತರಾದರು. 2023ರ ಆಗಸ್ಟಿನಲ್ಲಿ, ನೂರೆರಡು ವರ್ಷ ದಾಟಿ ಬದುಕಿ, ತೀರಿಕೊಂಡರು. ಅವರು ಬದುಕಿನುದ್ದಕ್ಕೂ ಒತ್ತಿ ಹೇಳಿದ ಒಂದು ವಿಚಾರವಿದೆ. ನಮ್ಮ ತಿಳಿವಳಿಕೆ ಅನಿಶ್ಚಿತವಾಗಿರಬಹುದು, ಆದರೆ ಅದು ಎಷ್ಟು ಅನಿಶ್ಚಿತ ಎಂಬುದು ಗೊತ್ತಿದ್ದರೆ ಆ ತಿಳಿವಳಿಕೆ ಬಳಕೆಗೆ ಬರುತ್ತದೆ. ಮದುವೆ ಮನೆಯವರು ಮೊದಲರ್ಧವನ್ನಷ್ಟೇ ಮಾಡುತ್ತಾರೆ. ಸುಮಾರು ನಾನೂರು ಜನ ಬರಬಹುದು ಎನ್ನುತ್ತಾರೆ. ಆ ನಾನೂರು ಎಷ್ಟು ಏರಬಹುದು, ಎಷ್ಟು ಇಳಿಯಬಹುದು ಎಂದು ಕೇಳಿಕೊಳ್ಳುವುದಿಲ್ಲ.

ಮೊದಲ ತೊಡಕು ಉತ್ತರಗಳದ್ದೇ. ಕುಂಕುಮ ಅಕ್ಷತೆ ಕೊಟ್ಟು ಕರೆದವರಿಗೆ ಬರುವುದಿಲ್ಲ ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ಶುಭಕಾರ್ಯಕ್ಕೆ ಇಲ್ಲವೆನ್ನಬಾರದು ಎಂಬುದು ನಮ್ಮ ಸಂಸ್ಕಾರ. "ಬರ್ತೀವಿ ತಗೋರಿ, ನಿಮ್ಮ ಮನಿ ಮದಿವಿಗೆ ಬರದ ಇರ್ತೀವೇನ್ರೀ?" ಎಂದು ಫೋನಿನಲ್ಲಿ ಹೇಳುವ ಮಾವ ಸುಳ್ಳು ಹೇಳುತ್ತಿಲ್ಲ. ಆ ಹೊತ್ತಿಗೆ ಅದು ಅವರ ಮನಸ್ಸಿನ ನಿಜ. ಆದರೆ ಎಲ್ಲರೂ ಹಾಗೆಯೇ ಹೇಳುವುದರಿಂದ ಆ ಉತ್ತರದಲ್ಲಿ ಮಾಹಿತಿ ಉಳಿಯುವುದಿಲ್ಲ. ಬರುವವರೂ ಬಾರದವರೂ ಒಂದೇ ಮಾತು ಹೇಳಿದರೆ ಅವರನ್ನು ಬೇರ್ಪಡಿಸುವುದು ಹೇಗೆ?

ಇಲ್ಲಿ ರಾವ್ ಅವರು 'ಸ್ಟಾಟಿಸ್ಟಿಕ್ಸ್ ಅಂಡ್ ಟ್ರೂತ್' ಎಂಬ ಪುಸ್ತಕದಲ್ಲಿ ಹೇಳಿರುವ ಒಂದು ನಡೆದ ಘಟನೆ ದಾರಿ ತೋರಿಸುತ್ತದೆ. 1947ರ ಗಲಭೆಯ ದಿನಗಳಲ್ಲಿ ದಿಲ್ಲಿಯ ಕೆಂಪುಕೋಟೆಯೊಳಗೆ ಬಹಳಷ್ಟು ಜನ ಆಶ್ರಯ ಪಡೆದಿದ್ದರು. ಹುಮಾಯೂನ್ ಸಮಾಧಿಯ ಆವರಣದಲ್ಲೂ ಇನ್ನೊಂದು ಶಿಬಿರವಿತ್ತು. ಅವರಿಗೆ ಊಟ ಹಾಕುವ ಹೊಣೆ ಸರ್ಕಾರದ್ದು, ಪೂರೈಕೆ ಗುತ್ತಿಗೆದಾರರದ್ದು. ಒಳಗೆ ಎಷ್ಟು ಜನ ಇದ್ದಾರೆ ಎಂದು ಎಣಿಸುವ ಸ್ಥಿತಿ ಇರಲಿಲ್ಲ. ಗುತ್ತಿಗೆದಾರರ ಬಿಲ್ಲು ಮಾತ್ರ ಏರುತ್ತಲೇ ಇತ್ತು. ಸರ್ಕಾರ ಸಂಖ್ಯಾಶಾಸ್ತ್ರಜ್ಞರ ಮೊರೆಹೋಯಿತು. ಅವರ ಕೈಯಲ್ಲಿದ್ದದ್ದು ಒಂದೇ: ಅಕ್ಕಿ, ಬೇಳೆ, ಉಪ್ಪು ದಿನಕ್ಕೆ ಎಷ್ಟೆಷ್ಟು ಒಳಗೆ ಹೋಗುತ್ತಿದೆ ಎಂಬ ಗುತ್ತಿಗೆದಾರರ ಲೆಕ್ಕ. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಉಪ್ಪು ತಿನ್ನುತ್ತಾನೆ ಎಂಬುದು ಹಿಂದಿನ ಸಮೀಕ್ಷೆಗಳಿಂದ ತಿಳಿದಿತ್ತು. ಒಟ್ಟು ಅಕ್ಕಿಯನ್ನು ತಲಾ ಅಕ್ಕಿಯಿಂದ ಭಾಗಿಸಿದರೆ ಜನಸಂಖ್ಯೆ ಸಿಗಬೇಕು. ಬೇಳೆಯಿಂದಲೂ ಅಷ್ಟೇ, ಉಪ್ಪಿನಿಂದಲೂ ಅಷ್ಟೇ. ಗುತ್ತಿಗೆದಾರರ ಲೆಕ್ಕ ಪ್ರಾಮಾಣಿಕವಾಗಿದ್ದರೆ ಮೂರೂ ಉತ್ತರ ಹೆಚ್ಚುಕಡಿಮೆ ಒಂದೇ ಆಗಬೇಕಿತ್ತು. ಆಗಲಿಲ್ಲ. ಅಕ್ಕಿಯ ಲೆಕ್ಕ ಹೇಳಿದ ಜನಸಂಖ್ಯೆ ಎಲ್ಲಕ್ಕಿಂತ ದೊಡ್ಡದು, ಉಪ್ಪಿನದು ಎಲ್ಲಕ್ಕಿಂತ ಚಿಕ್ಕದು. ಅಕ್ಕಿ ದುಬಾರಿ, ಅದನ್ನು ಹೆಚ್ಚಿಸಿ ಬರೆದರೆ ಲಾಭವಿತ್ತು. ಉಪ್ಪಿಗೆ ಬೆಲೆಯೇ ಇಲ್ಲದಿದ್ದರಿಂದ ಅದರ ಲೆಕ್ಕ ತಿರುಚಿ ಯಾರಿಗೂ ಏನೂ ಸಿಗುತ್ತಿರಲಿಲ್ಲ. ಹಾಗಾಗಿ ಉಪ್ಪಿನ ಲೆಕ್ಕವನ್ನೇ ನಂಬಿದರು. ಚಿಕ್ಕದಾಗಿದ್ದ ಹುಮಾಯೂನ್ ಸಮಾಧಿಯ ಶಿಬಿರದಲ್ಲಿ ಇದೇ ವಿಧಾನವನ್ನು ಪರೀಕ್ಷಿಸಿ ನೋಡಿದಾಗ ಅದು ನಿಜ ಸಂಖ್ಯೆಗೆ ಹತ್ತಿರವೇ ಬಂತು. ಈ ಉಪಾಯವನ್ನು ರಾವ್ ಅವರು ಜೆ. ಎಂ. ಸೇನ್‌ಗುಪ್ತಾ ಅವರ ಹೆಸರಿಗೆ ಸಲ್ಲಿಸಿದ್ದಾರೆ.

ಮದುವೆ ಮನೆಯಲ್ಲೂ ಇಂಥದ್ದೇ ಪ್ರಶ್ನೆ ಬೇಕು, ಅಂದರೆ ಉತ್ತರದ ಮೇಲೆ ಮರ್ಯಾದೆಯ ಒತ್ತಡ ಬೀಳದ ಪ್ರಶ್ನೆ. "ಬರ್ತೀರಾ?" ಎಂದು ಕೇಳಿದರೆ ದಾಕ್ಷಿಣ್ಯ ಉತ್ತರಿಸುತ್ತದೆ. "ಯಾವ ಗಾಡಿಗೆ ಬರ್ತೀರಿ? ಸ್ಟೇಷನ್ನಿಗೆ ಯಾರನ್ನ ಕಳಿಸಲಿ? ಎಷ್ಟು ರೂಮು ಬೇಕಾಗ್ತದ? ಹಿಂದಿನ ದಿನದ ರಾತ್ರಿ ಊಟಕ್ಕ ಇರ್ತೀರೋ, ಮುಹೂರ್ತಕ್ಕ ಬರ್ತೀರೋ?" ಎಂದು ಕೇಳಿದರೆ ನಿಜ ಹೊರಬರುತ್ತದೆ. ಟಿಕೆಟ್ ತೆಗೆಸಿದವರು ಗಾಡಿಯ ಹೆಸರು ಥಟ್ಟನೆ ಹೇಳುತ್ತಾರೆ. ತೆಗೆಸದವರು "ಇನ್ನೂ ನೋಡಬೇಕು" ಎನ್ನುತ್ತಾರೆ. ಆ ಮಾತಿನಲ್ಲಿ ಯಾರ ಮುಖಕ್ಕೂ ಇಲ್ಲವೆಂದ ಹಾಗಾಗುವುದಿಲ್ಲ, ಆದರೆ ಕೇಳಿದವರಿಗೆ ತಿಳಿಯಬೇಕಾದದ್ದು ತಿಳಿದಿರುತ್ತದೆ.

ಎಷ್ಟು ಮುಂಚೆ ಕೇಳುತ್ತೀರಿ ಎಂಬುದೂ ಮುಖ್ಯ. ಭಾರತೀಯ ರೈಲ್ವೆ 2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ ಅವಧಿಯನ್ನು 120 ದಿನದಿಂದ 60 ದಿನಕ್ಕೆ ಇಳಿಸಿತು. ಅದಕ್ಕೆ ರೈಲ್ವೆ ಕೊಟ್ಟ ಕಾರಣ ಗಮನಿಸುವಂಥದ್ದು. 61ರಿಂದ 120 ದಿನ ಮೊದಲೇ ಮಾಡಿದ ಬುಕಿಂಗ್‌ಗಳಲ್ಲಿ ಶೇಕಡಾ 21ರಷ್ಟು ರದ್ದಾಗುತ್ತಿದ್ದವು. ಇನ್ನು ಶೇಕಡಾ 5ರಷ್ಟು ಮಂದಿ ರದ್ದೂ ಮಾಡದೆ, ಗಾಡಿಯನ್ನೂ ಹತ್ತದೆ ಇರುತ್ತಿದ್ದರು. ದುಡ್ಡು ಕಟ್ಟಿ ಮಾಡಿಸಿದ ಬುಕಿಂಗಿನ ಗತಿಯೇ ಹೀಗಿರುವಾಗ ಮೂರು ತಿಂಗಳ ಮುಂಚೆ ಬಾಯಿಮಾತಿನಲ್ಲಿ ಬಂದ 'ಬರ್ತೀವಿ'ಯನ್ನು ಎಷ್ಟು ನಂಬಬಹುದು? ಕರೆಯುವುದು ಬೇಗ ಆಗಲಿ, ಎಣಿಸುವುದು ತಡವಾಗಿ ಆಗಲಿ. ಎರಡೂ ಒಂದೇ ಸಲ ಆಗಬೇಕಿಲ್ಲ.

ಇನ್ನೊಂದು ಒಳ್ಳೆಯ ಸಾಕ್ಷಿ ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಅದು ಮುಯ್ಯಿ ಬರೆದ ಹಳೆಯ ಪುಸ್ತಕ. ಗುಜರಾತಿನಲ್ಲಿ ಛತ್ರದ ಬಾಗಿಲ ಬಳಿ ಮೇಜು ಹಾಕಿಕೊಂಡು ಚಾಂದಲೋ ಬರೆಯುತ್ತಾರೆ. ಯಾರು ಎಷ್ಟು ಕೊಟ್ಟರು ಎಂದು ಹೆಸರು ಸಮೇತ ದಾಖಲಾಗುತ್ತದೆ. ನಮ್ಮಲ್ಲಿ ಮುಯ್ಯಿ ಓದಿಸುವುದೂ ಅದೇ. ನಾಳೆ ಅವರ ಮನೆಯ ಮದುವೆಗೆ ತಿರುಗಿ ಮಾಡಬೇಕಲ್ಲ ಎಂದು ಇಟ್ಟುಕೊಂಡ ಪುಸ್ತಕ, ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಬಂಗಾರದಂಥ ದತ್ತಾಂಶ. ಹೋದ ಸಲ ಅಕ್ಕನ ಮದುವೆಗೆ ಕರೆದವರ ಪಟ್ಟಿ ಒಂದು ಕೈಯಲ್ಲಿ, ಮುಯ್ಯಿ ಪುಸ್ತಕ ಇನ್ನೊಂದು ಕೈಯಲ್ಲಿ ಹಿಡಿದು ಕೂತರೆ, ಕರೆದವರಲ್ಲಿ ಎಷ್ಟು ಪಾಲು ಬಂದಿದ್ದರು ಎಂಬುದು ಒಂದು ಸಂಜೆಯಲ್ಲಿ ಸಿಗುತ್ತದೆ. ಕೇರಿಯವರು, ಕಾರ್ಖಾನೆಯವರು, ಊರಿನವರು ಎಂದು ವಿಂಗಡಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಈ ಮೂರು ಗುಂಪಿನ ಪ್ರಮಾಣ ಒಂದೇ ಇರುವುದಿಲ್ಲ. ಒಂದು ಎಚ್ಚರ ಬೇಕು. ಬೇರೆಯವರ ಕೈಯಲ್ಲಿ ಮುಯ್ಯಿ ಕಳಿಸುವವರೂ ಇರುತ್ತಾರೆ. ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಎಲೆಗೆ ಕೂತವರಲ್ಲ. ಹಾಗೆಯೇ ಮಕ್ಕಳು ಮರಿ ಸೇರಿ ಐದು ಜನ ಬಂದ ಮನೆಯೂ ಅಲ್ಲಿ ಒಂದೇ ಸಾಲು. ಗುಜರಾತಿನ ಅನೇಕ ಸಮಾಜಗಳಲ್ಲಿ ಈ ತೊಂದರೆಗೆ ಪತ್ರಿಕೆಯ ಮೇಲೆಯೇ ಮದ್ದಿದೆ. ಕರೆದದ್ದು ಇಡೀ ಮನೆಯನ್ನೋ, ಗಂಡಹೆಂಡತಿಯನ್ನು ಮಾತ್ರವೋ ಎಂದು ಹೆಸರಿನ ಜೊತೆ ಬರೆದಿರುತ್ತಾರೆ, ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ನಮ್ಮ ಪತ್ರಿಕೆಗಳು ಎಲ್ಲರನ್ನೂ ಸಕುಟುಂಬ ಸಪರಿವಾರ ಸಮೇತ ಕರೆಯುತ್ತವೆ.

ಈಗ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಉಧ್ನಾದ ಒಂದು ಮನೆಯವರು ಒಟ್ಟು 600 ಜನರನ್ನು ಕರೆದಿದ್ದಾರೆ ಎಂದಿಟ್ಟುಕೊಳ್ಳಿ. ಹಳೆಯ ಅನುಭವದ ಪ್ರಕಾರ ನೂರಕ್ಕೆ ಎಪ್ಪತ್ತು ಮಂದಿ ಬರುತ್ತಾರೆ. ಸರಾಸರಿ 420. ಇಲ್ಲಿಯವರೆಗೆ ಎಲ್ಲ ಮನೆಯಲ್ಲೂ ಮಾಡುವ ಲೆಕ್ಕವೇ.

ಆ 420 ಎಷ್ಟು ಅಲುಗಾಡುತ್ತದೆ? ಅಳೆಯುವ ಸಾಧನಕ್ಕೆ ಮಾನಕ ವಿಚಲನೆ ಎಂದು ಹೆಸರು. ಸರಾಸರಿಯಿಂದ ನಿಜ ಸಂಖ್ಯೆ ಸಾಮಾನ್ಯವಾಗಿ ಎಷ್ಟು ದೂರ ಸರಿಯಬಹುದು ಎಂಬುದನ್ನು ಅದು ಹೇಳುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು, ಯಾರನ್ನೂ ಕೇಳದೆ, ಬರುವುದೋ ಬಿಡುವುದೋ ನಿರ್ಧರಿಸುತ್ತಾರೆ ಎಂದು ಮೊದಲು ಭಾವಿಸೋಣ. ಆಗ 600ನ್ನು 0.7ರಿಂದಲೂ 0.3ರಿಂದಲೂ ಗುಣಿಸಿದರೆ 126. ಅದರ ವರ್ಗಮೂಲ ಸುಮಾರು 11. ಇದೇ ಮಾನಕ ವಿಚಲನೆ. ಇಂಥ ಲೆಕ್ಕದಲ್ಲಿ ನಿಜ ಸಂಖ್ಯೆ ನೂರಕ್ಕೆ ತೊಂಬತ್ತೈದು ಸಲ ಸರಾಸರಿಯಿಂದ ಎರಡು ಮಾನಕ ವಿಚಲನೆಯೊಳಗೆ ಬೀಳುತ್ತದೆ. ಅಂದರೆ 398ರಿಂದ 442. ಈ ಗಣಿತ ಹಳೆಯದು. ಯಾಕೋಬ್ ಬರ್ನೂಲಿಯ ಗ್ರಂಥ 1713ರಲ್ಲಿ ಅಚ್ಚಾಯಿತು, ಅದನ್ನು ದ ಮುವಾವ್ರ್ 1733ರಲ್ಲಿ ಮುಂದುವರಿಸಿದ. ಅವರು ಲೆಕ್ಕ ಹಾಕುತ್ತಿದ್ದದ್ದು ಒಂದನ್ನೊಂದು ಅವಲಂಬಿಸದ ಘಟನೆಗಳ ಬಗ್ಗೆ, ನಾಣ್ಯ ದಾಳಗಳಂಥವುಗಳ ಬಗ್ಗೆ.

ನೆಂಟರು ಹಾಗಲ್ಲ. ಅಪ್ಪನಿಗೆ ರಜೆ ಸಿಗದಿದ್ದರೆ ಮನೆಯ ನಾಲ್ವರೂ ಬರುವುದಿಲ್ಲ. ಮಗುವಿಗೆ ಪರೀಕ್ಷೆ ಇದ್ದರೆ ಅಮ್ಮನೂ ಇಲ್ಲ. 600 ಜನರನ್ನು ನಾಲ್ವರಂತೆ 150 ಮನೆಗಳೆಂದು ತಿಳಿದು, ಬಂದರೆ ಮನೆಯೆಲ್ಲ ಬರುತ್ತದೆ, ಇಲ್ಲವಾದರೆ ಯಾರೂ ಇಲ್ಲ ಎಂದು ಲೆಕ್ಕ ಹಾಕಿ. ಸರಾಸರಿ 420 ಹಾಗೆಯೇ ಉಳಿಯುತ್ತದೆ. ಮಾನಕ ವಿಚಲನೆ ಮಾತ್ರ 11ರಿಂದ 22ಕ್ಕೆ ಜಿಗಿಯುತ್ತದೆ. ಈಗ ವ್ಯಾಪ್ತಿ 375ರಿಂದ 465.

ಇನ್ನೂ ದೊಡ್ಡ ಗಂಟು ಮುಂದಿದೆ. ಗಾಂಧಿಧಾಮ, ಅಜ್ಮೇರ್, ಜೋಧಪುರಗಳಿಂದ ಬೆಂಗಳೂರಿಗೆ ಓಡುವ ಗಾಡಿಗಳು ಸೂರತ್ ಹಾಗೂ ಹುಬ್ಬಳ್ಳಿಯನ್ನು ಹಾದುಹೋಗುತ್ತವೆ, ಆದರೆ ಒಂದೊಂದಕ್ಕೂ ವಾರದಲ್ಲಿ ಗೊತ್ತಾದ ದಿನಗಳಿವೆ. ಕರಾವಳಿಯವರಿಗೆ ರೈಲ್ವೆ ಉಧ್ನಾ–ಮಂಗಳೂರು ನಡುವೆ ವಿಶೇಷ ಗಾಡಿ ಓಡಿಸಿದ್ದುಂಟು, ಅದಕ್ಕೂ ಗೊತ್ತಾದ ದಿನಗಳೇ. ಹಾಗಾಗಿ ಮುಹೂರ್ತ ಯಾವ ವಾರಕ್ಕೆ ಬಿತ್ತು ಎನ್ನುವುದರ ಮೇಲೆ ಊರಿನ ನೆಂಟರೆಲ್ಲ ಒಂದೇ ಗಾಡಿಗೆ ಬರುವಂತಾಗುತ್ತದೆ. ನಮ್ಮ ಉದಾಹರಣೆಯ 600ರಲ್ಲಿ 80 ಮಂದಿ ಹುಬ್ಬಳ್ಳಿ ಕಡೆಯವರು, ಎಲ್ಲರೂ ಒಟ್ಟಿಗೆ ಟಿಕೆಟ್ ಮಾಡಿಸಿದ್ದಾರೆ, ವೇಟಿಂಗ್ ಲಿಸ್ಟಿನಲ್ಲಿದ್ದಾರೆ ಎನ್ನಿ. ಟಿಕೆಟ್ ಖಾತ್ರಿಯಾದರೆ 80 ಜನರೂ ಬರುತ್ತಾರೆ, ಆಗದಿದ್ದರೆ ಒಬ್ಬರೂ ಇಲ್ಲ. ನಿಜಜೀವನದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಆಗುವುದಿಲ್ಲ, ಹತ್ತಿಪ್ಪತ್ತು ಜನ ಬಸ್ಸು ಹಿಡಿದಾದರೂ ಬಂದಾರು. ಆದರೂ ಲೆಕ್ಕದ ದಿಕ್ಕು ಇದೇ. ಟಿಕೆಟ್ ಖಾತ್ರಿಯಾಗುವ ಸಂಭವವೂ ನೂರಕ್ಕೆ ಎಪ್ಪತ್ತೇ ಎಂದಿಟ್ಟುಕೊಂಡರೆ ಈಗ ಮಾನಕ ವಿಚಲನೆ 42. ಒಟ್ಟು ಅನಿಶ್ಚಿತತೆಯನ್ನು ಅದರ ವರ್ಗದಲ್ಲಿ ಅಳೆದರೆ ನಾಲ್ಕರಲ್ಲಿ ಮೂರು ಪಾಲು ಈ ಒಂದು ಗುಂಪಿನದೇ. ಉಳಿದ 520 ಮಂದಿ, 130 ಮನೆಗಳು, ಎಲ್ಲ ಸೇರಿ ಕೊಡುವುದು ಕಾಲು ಭಾಗ ಮಾತ್ರ.

ಸರಾಸರಿ ಎಂಬುದು ಇಲ್ಲಿ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಗುಂಪು ಬಂದರೆ ಒಟ್ಟು ಜನ 444ರ ಆಸುಪಾಸು, ಬಾರದಿದ್ದರೆ 364ರ ಆಸುಪಾಸು. 420 ಊಟ ಮಾಡಿಸಿದರೆ, ಗುಂಪು ಬಂದಾಗ ಎಂಟರಲ್ಲಿ ಏಳು ಸಲ ಊಟ ಸಾಲುವುದಿಲ್ಲ. ಬಾರದಾಗ ಸರಾಸರಿ 56 ಜನರ ಊಟ ಮಿಕ್ಕುತ್ತದೆ.

ಆದ್ದರಿಂದ ಫೋನು ಹಚ್ಚುವ ಸರದಿಯನ್ನು ಬದಲಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ. ಸಾಮಾನ್ಯವಾಗಿ ಮನೆಯವರು ಪಟ್ಟಿಯ ಮೇಲಿನಿಂದ ಶುರುಮಾಡುತ್ತಾರೆ, ಅಂದರೆ ತೀರಾ ಹತ್ತಿರದವರಿಂದ. ಪ್ರೀತಿಯ ದೃಷ್ಟಿಯಿಂದ ಅದು ಸರಿ, ಎಣಿಕೆಯ ದೃಷ್ಟಿಯಿಂದ ವ್ಯರ್ಥ. ಖಂಡಿತ ಬರುವವರನ್ನು ಮತ್ತೆ ಕೇಳಿ ತಿಳಿಯುವಂಥದ್ದೇನೂ ಇಲ್ಲ. ಗುಂಪಿನ ಗಾತ್ರದ ವರ್ಗವನ್ನು ತೆಗೆದುಕೊಳ್ಳಿ. ಬರುವ ಸಂಭವನೀಯತೆಯಿಂದ ಗುಣಿಸಿ, ಬಾರದ ಸಂಭವನೀಯತೆಯಿಂದ ಇನ್ನೊಮ್ಮೆ ಗುಣಿಸಿ. ಬಂದ ಉತ್ತರವೇ ಆ ಗುಂಪು ತರುವ ಅನಿಶ್ಚಿತತೆ. ಬಂದರೂ ಬಂದಾರು, ಬಿಟ್ಟರೂ ಬಿಟ್ಟಾರು ಎನ್ನುವಂಥ ಹತ್ತು ಜನರ ಒಂದು ಕೂಡುಕುಟುಂಬ 25 ಅಂಕ ತರುತ್ತದೆ. ಅಷ್ಟೇ ಅನುಮಾನದ ಹತ್ತು ಜನ ಒಂಟಿ ಗೆಳೆಯರು ಎಲ್ಲ ಸೇರಿ ತರುವುದು ಎರಡೂವರೆ. ನೂರಕ್ಕೆ ತೊಂಬತ್ತು ಬರುವ ದಂಪತಿ ತರುವುದು ಅರ್ಧಕ್ಕಿಂತ ಕಡಿಮೆ. ದೊಡ್ಡ ಗುಂಪು, ಅರ್ಧಕ್ಕರ್ಧ ಅನುಮಾನ: ಇವೆರಡೂ ಕೂಡಿದ ಕಡೆಗೆ ಮೊದಲ ಫೋನು ಹೋಗಬೇಕು. ಮೇಲಿನ ಉದಾಹರಣೆಯಲ್ಲಿ ಹುಬ್ಬಳ್ಳಿಯ ಟಿಕೆಟ್ ಮಾಡಿಸಿದವರಿಗೆ ಹಚ್ಚಿದ ಒಂದೇ ಒಂದು ಕರೆ ಉಳಿದ 130 ಮನೆಗಳಿಗೆ ಹಚ್ಚುವ ಕರೆಗಳಿಗಿಂತ ಹೆಚ್ಚು ತಿಳಿಸುತ್ತದೆ.

ಸ್ಥಳೀಯರ ವಿಷಯದಲ್ಲಿ ಗಂಟು ಹಾಕುವುದು ಪಂಚಾಂಗ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಗುಜರಾತಿನಲ್ಲಿ ಕಮೂರ್ತಾ, ನಮ್ಮಲ್ಲಿ ಧನುರ್ಮಾಸ. ಎರಡು ಕಡೆಯೂ ಮದುವೆ ಮಾಡುವುದಿಲ್ಲ. ಅದರ ಹಿಂದೆ ಮುಂದೆ ಇರುವ ಕೆಲವೇ ಮುಹೂರ್ತಗಳಿಗೆ ಎಲ್ಲ ಮದುವೆಗಳೂ ಮುಗಿಬೀಳುತ್ತವೆ. ಒಂದೇ ಸಂಜೆ ಮೂರು ಕಡೆ ಕರೆ ಇರುವವರು ಮೂರೂ ಕಡೆ ಮುಖ ತೋರಿಸಿ, ಚಾಂದಲೋ ಬರೆಸಿ, ಒಂದು ಕಡೆ ಮಾತ್ರ ಉಣ್ಣುತ್ತಾರೆ. ಅದೇ ದಿನ ಅದೇ ಸಮಾಜದಲ್ಲಿ ಇನ್ನೊಂದು ದೊಡ್ಡ ಮದುವೆ ಇದ್ದರೆ ಒಂದಿಡೀ ಓಣಿಯ ಊಟ ಅಲ್ಲಿಗೆ ಸರಿಯಬಹುದು. ಬೇರೆ ಮದುವೆ ಎಲ್ಲಿದೆ ಎಂದು ವಿಚಾರಿಸುವುದಕ್ಕೆ ಹತ್ತು ನಿಮಿಷ ಸಾಕು.

ಇನ್ನು ಮೊದಲು ಕೇಳಿದ ಪ್ರಶ್ನೆ. ಸರಾಸರಿಯ ಮೇಲೆ ಎಷ್ಟು ಹೆಚ್ಚುವರಿ? ಅರ್ಥಶಾಸ್ತ್ರಜ್ಞ ಎಜ್‌ವರ್ತ್ 1888ರಲ್ಲಿ, ಬ್ಯಾಂಕು ಎಷ್ಟು ನಗದು ಕೈಯಲ್ಲಿಟ್ಟುಕೊಳ್ಳಬೇಕು ಎಂಬ ಸಮಸ್ಯೆಯಾಗಿ ಇದನ್ನು ಎತ್ತಿಕೊಂಡಿದ್ದ. 1951ರಲ್ಲಿ ಆ್ಯರೋ, ಹ್ಯಾರಿಸ್, ಮಾರ್ಶಾಕ್ ಎಂಬ ಮೂವರು ಸರಕು ದಾಸ್ತಾನಿನ ಸಿದ್ಧಾಂತವಾಗಿ ಇದನ್ನು ಬೆಳೆಸಿದರು. ಇಂದು ಇದಕ್ಕೆ ಪತ್ರಿಕೆ ಮಾರುವವನ ಸಮಸ್ಯೆ ಎಂದು ಹೆಸರು. ಬೆಳಿಗ್ಗೆ ಎಷ್ಟು ಪತ್ರಿಕೆ ಕೊಳ್ಳಬೇಕು? ಉಳಿದರೆ ರದ್ದಿ, ಸಾಲದಿದ್ದರೆ ಗಿರಾಕಿ ಕೈತಪ್ಪುತ್ತಾನೆ. ಉತ್ತರ ಸರಳ. ಒಂದು ಕಡಿಮೆ ಬಿದ್ದಾಗಿನ ನಷ್ಟ, ಒಂದು ಮಿಕ್ಕಾಗಿನ ನಷ್ಟದ ಒಂಬತ್ತು ಪಟ್ಟು ಎಂದು ನಿಮಗನ್ನಿಸಿದರೆ, ಹತ್ತರಲ್ಲಿ ಒಂಬತ್ತು ಸಲ ಸಾಲುವಷ್ಟು ತಯಾರಿಡಿ. ನಾಲ್ಕು ಪಟ್ಟು ಎನ್ನಿಸಿದರೆ ಐದರಲ್ಲಿ ನಾಲ್ಕು ಸಲ ಸಾಲುವಷ್ಟು.

ಮದುವೆ ಮನೆಯಲ್ಲಿ ಕಡಿಮೆ ಬಿದ್ದಾಗಿನ ನಷ್ಟಕ್ಕೆ ರೂಪಾಯಿಯ ಲೆಕ್ಕವಿಲ್ಲ. ಬೀಗರ ಮುಂದೆ ಎಲೆ ಹಾಕಿ ಬಡಿಸಲು ಇಲ್ಲದೆ ನಿಂತ ಮನೆಯ ಹೆಸರು ಮೂವತ್ತು ವರ್ಷ ಮಾತಿನಲ್ಲಿರುತ್ತದೆ. ಹಾಗಾಗಿ ಒಂಬತ್ತು ಪಟ್ಟು ಅತಿಯಾಯಿತು ಎಂದು ನಾನು ಹೇಳುವುದಿಲ್ಲ. ಅದೇ ಪ್ರಮಾಣ ಹಿಡಿದು ನಮ್ಮ ಉದಾಹರಣೆಗೆ ಬನ್ನಿ. ಹುಬ್ಬಳ್ಳಿಯ ಗುಂಪಿನ ಸುದ್ದಿ ತಿಳಿಯದಿದ್ದರೆ ಸುಮಾರು 466 ಊಟ ಹೇಳಬೇಕು. ಅವರು ಬರುವುದಿಲ್ಲ ಎಂದು ತಿಳಿದರೆ 391 ಸಾಕು. ಬರುವುದು ಖಾತ್ರಿಯಾದರೆ 471. ಸುದ್ದಿ ತಿಳಿಯದೆ 466 ಹೇಳಿ, ಅವರೂ ಬಾರದೆ ಹೋದರೆ ಸರಾಸರಿ 102 ಜನರ ಊಟ ಮಿಗುತ್ತದೆ. ತಿಳಿದಿದ್ದರೆ ಮಿಗುವುದು 27. ನಡುವಿನ ಅಂತರ 75 ಜನರ ಊಟ. ಒಂದು ಊಟಕ್ಕೆ 500 ರೂಪಾಯಿ ಹಿಡಿದರೂ 37,500 ರೂಪಾಯಿ. ಒಂದು ಫೋನ್ ಕರೆಯ ಬೆಲೆ ಅಷ್ಟು.

ಆದರೆ ಅಂದಾಜನ್ನು ಎಷ್ಟೇ ತಿದ್ದಿದರೂ ಒಂದಿಷ್ಟು ಅನಿಶ್ಚಿತತೆ ಉಳಿದೇ ಉಳಿಯುತ್ತದೆ. ಅಲ್ಲಿಂದಾಚೆಯ ಜಾಣತನ ಇರುವುದು ನಿರ್ಧಾರಗಳನ್ನು ತಡಮಾಡುವುದರಲ್ಲಿ. ಇದನ್ನು ಕಲಿಯಲು ಉಧ್ನಾದವರು ದೂರ ಹೋಗಬೇಕಿಲ್ಲ. ಅಲ್ಲಿಯ ಮಗ್ಗಗಳು ನೇಯುವುದು ಬಣ್ಣವಿಲ್ಲದ ಗ್ರೇ ಬಟ್ಟೆ. ಅದು ಪಾಂಡೇಸರಾದಂಥ ಕಡೆಯ ಮಿಲ್ಲುಗಳಿಗೆ ಹೋಗಿ, ಮಾರುಕಟ್ಟೆ ಯಾವ ಬಣ್ಣ, ಯಾವ ಅಚ್ಚು ಕೇಳುತ್ತಿದೆ ಎಂದು ತಿಳಿದ ಮೇಲೆ ಬಣ್ಣ ಕಾಣುತ್ತದೆ. ನೂಲು ನೇಯುವ ನಿಧಾನದ ಕೆಲಸ ಮೊದಲೇ ಮುಗಿದಿರುತ್ತದೆ. ಗಿರಾಕಿಯ ಮನಸ್ಸನ್ನು ಅವಲಂಬಿಸಿದ ಕೆಲಸ ಮಾತ್ರ ಕೊನೆಗೆ. ಮದುವೆಯ ಅಡುಗೆಮನೆಯನ್ನೂ ಹೀಗೆಯೇ ನಡೆಸಬಹುದು.

ಚಳಿಗಾಲದ ಸೂರತ್ ಮದುವೆಯಲ್ಲಿ ಉಂಧಿಯು ಇಲ್ಲದೆ ಊಟವಿಲ್ಲ. ಸುರ್ತಿ ಪಾಪಡಿ ಎಂಬ ಎಳೆ ಅವರೆ, ನೇರಳೆ ಗೆಣಸು, ಬದನೆ, ಮೆಂತ್ಯ ಸೊಪ್ಪಿನ ಮುಠಿಯಾ ಎಲ್ಲವನ್ನೂ ಪದರ ಪದರವಾಗಿ ಹಾಕಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ತರಕಾರಿ ಹೆಚ್ಚಿ, ಸುಲಿದು, ಮಸಾಲೆ ತುಂಬುವುದೇ ಗಂಟೆಗಟ್ಟಲೆ ಕೆಲಸ. ಜನ ಹೆಚ್ಚು ಬಂದರು ಎಂದು ಸಂಜೆ ಎಂಟಕ್ಕೆ ಇನ್ನೊಂದು ಪಾತ್ರೆ ಉಂಧಿಯು ಏರಿಸಲು ಬರುವುದಿಲ್ಲ. ಅದರ ಜೊತೆಗೆ ಹೋಗುವ ಪೂರಿ ಹಾಗಲ್ಲ. ಕಲಸಿದ ಹಿಟ್ಟು ಇದೆ, ಎಣ್ಣೆ ಕಾದಿದೆ, ಸಾಲಿನಲ್ಲಿ ನಿಂತವರನ್ನು ನೋಡಿಕೊಂಡು ಲಟ್ಟಿಸುತ್ತ ಹೋದರಾಯಿತು. ಜಿಲೇಬಿಯೂ ಅಷ್ಟೇ. ನಮ್ಮ ಕಡೆ ಹೋಳಿಗೆ, ಚಿರೋಟಿ, ಲಾಡು ಉಂಧಿಯುವಿನ ಪಂಗಡಕ್ಕೆ ಸೇರಿದರೆ ಅನ್ನ, ಹಪ್ಪಳ, ಬೋಂಡ ಪೂರಿಯ ಪಂಗಡ. ಮೊದಲ ಪಂಕ್ತಿ ಕೂತಾಗಲೇ ಅನುಭವಿ ಅಡುಗೆ ಭಟ್ಟರು ಉಗ್ರಾಣದಿಂದ ಹೊರಬಂದು ಎಲೆಗಳನ್ನೂ ಹೊರಗೆ ಕಾದಿರುವವರನ್ನೂ ಒಮ್ಮೆ ಕಣ್ಣಳತೆಯಲ್ಲಿ ಎಣಿಸಿ ಹೋಗುತ್ತಾರೆ. ಆಮೇಲೆಯೇ ಎರಡನೆಯ ಕೊಪ್ಪರಿಗೆಗೆ ಎಷ್ಟು ಅಕ್ಕಿ ಎಂದು ತೀರ್ಮಾನಿಸುವುದು. ಎಸರು ಕುದಿಯುತ್ತಿದ್ದರೆ ಎರಡನೆಯ ಪಂಕ್ತಿಯ ಹೊತ್ತಿಗೆ ಅನ್ನ ಸಿದ್ಧ. ಪಂಕ್ತಿಭೋಜನದ ಈ ಅನುಕೂಲ ಬಫೆಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಎಲ್ಲ ಪದಾರ್ಥವನ್ನೂ ಮೊದಲಿನಿಂದ ಕೊನೆಯವರೆಗೂ ತುಂಬಿಟ್ಟು ತೋರಿಸಬೇಕಾಗುತ್ತದೆ. ಬಫೆಯನ್ನೇ ಇಟ್ಟುಕೊಳ್ಳುವವರು ಸಣ್ಣ ಪಾತ್ರೆಗಳಲ್ಲಿ ಮತ್ತೆ ಮತ್ತೆ ತುಂಬಿಸುವಂತೆ ಹೇಳುವುದು ಒಳಿತು.

ಹಾಗಾಗಿ ಕೇಟರಿಂಗ್‌ನವರಿಗೆ ಒಂದೇ ಸಂಖ್ಯೆ ಕೊಡಬೇಡಿ, ಎರಡು ಕೊಡಿ. ಕೆಳಗಿನ ಸಂಖ್ಯೆ ಗಟ್ಟಿ. ಅಷ್ಟಕ್ಕೆ ದುಡ್ಡು ಖಾತ್ರಿ. ಮೇಲಿನದು ಗರಿಷ್ಠ, ಅಷ್ಟಕ್ಕೆ ದಿನಸಿ, ಒಲೆ, ಕೈಗಳು ತಯಾರಿರಲಿ, ಬೇಯಿಸುವುದು ಬೇಕಾದರೆ ಮಾತ್ರ. ಸಿಹಿಯನ್ನೂ ನಿಧಾನದ ಪದಾರ್ಥವನ್ನೂ ಮೇಲಿನ ಸಂಖ್ಯೆಗೆ ಹತ್ತಿರ ಮಾಡಿಸಿ, ಉಳಿದದ್ದನ್ನು ಕೆಳಗಿನದಕ್ಕೆ. ಬಳಸದ ಅಕ್ಕಿ ಬೇಳೆ ಮರುದಿನವೂ ಅಕ್ಕಿ ಬೇಳೆಯೇ ಆಗಿರುತ್ತದೆ. ಬೆಂದ ಅನ್ನಕ್ಕೆ ಆ ಭಾಗ್ಯವಿಲ್ಲ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು 75 ಕಲ್ಯಾಣ ಮಂಟಪಗಳನ್ನು ಸಮೀಕ್ಷೆ ಮಾಡಿ, ನಗರದ ಮದುವೆಗಳಲ್ಲಿ ವರ್ಷಕ್ಕೆ ಸುಮಾರು 943 ಟನ್ ಆಹಾರ ಪೋಲಾಗುತ್ತದೆ ಎಂದು 2012ರಲ್ಲಿ ಅಂದಾಜಿಸಿದ್ದರು. ಎಲೆಯಲ್ಲಿ ಬಿಟ್ಟದ್ದಕ್ಕೆ ನಾಚಿಕೆಪಡಬೇಕಾದವರು ಉಂಡವರು. ಆದರೆ ಪಾತ್ರೆಯಲ್ಲಿ ಮುಟ್ಟದೆ ಉಳಿದದ್ದು ಬಹುಮಟ್ಟಿಗೆ ಎಣಿಕೆಯ ತಪ್ಪು, ಅದನ್ನು ಎಣಿಕೆಯಿಂದಲೇ ತಗ್ಗಿಸಬಹುದು. ಪೂರ್ತಿ ತಪ್ಪಿಸಲು ಆಗದು. ಹತ್ತರಲ್ಲಿ ಒಂಬತ್ತು ಸಲ ಸಾಲಬೇಕೆಂದು ತಯಾರಿಟ್ಟ ಮೇಲೆ ಹೆಚ್ಚಿನ ಸಲ ಒಂದಿಷ್ಟು ಮಿಗುವುದು ಆ ನಿರ್ಧಾರದೊಳಗೇ ಇದೆ. ಆದ್ದರಿಂದ ಮಿಕ್ಕ ಊಟ ಎಲ್ಲಿಗೆ ಹೋಗಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಬೇಯಿಸಿದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಇದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ರಾತ್ರಿ ಹನ್ನೊಂದಕ್ಕೆ ಪಾತ್ರೆ ತೆರೆದು ನೋಡಿ, ಆಮೇಲೆ ಯಾರಿಗೆ ಕೊಡೋಣ ಎಂದು ಫೋನು ಹುಡುಕಿದರೆ ತಡವಾಗಿರುತ್ತದೆ. ಮಿಕ್ಕ ಆಹಾರವನ್ನು ಸಂಗ್ರಹಿಸಿ ಹಂಚುವವರಿಗಾಗಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮಗಳನ್ನೇ ತಂದಿದೆ. ಊರಿನಲ್ಲಿ ಈ ಕೆಲಸ ಮಾಡುವ ಸಂಸ್ಥೆಯ ನಂಬರು ಛತ್ರದವರ ಹತ್ತಿರ, ಉಗ್ರಾಣ ನೋಡಿಕೊಳ್ಳುವವರ ಹತ್ತಿರ ಹಿಂದಿನ ದಿನವೇ ಇರಲಿ. ಬಿಸಿ ಇದ್ದಾಗಲೇ, ಬಡಿಸದ ಪಾತ್ರೆಯಿಂದ ನೇರವಾಗಿ ತೆಗೆದು ಕೊಡಲಿ.

ಇಷ್ಟೂ ಹೊತ್ತು ಕರೆಯುವವರ ಕೆಲಸವನ್ನೇ ಹೇಳಿದೆ. ಕರೆಸಿಕೊಂಡವರಲ್ಲಿ ಒಂದು ಕೇಳಿಕೆ ಇದೆ. ಈ ಸಲದ ಲಗ್ನಪತ್ರಿಕೆ ಮನೆಗೆ ಬಂದಾಗ, ವಾರ ಹತ್ತು ದಿನ ಮುಂಚೆ ನೀವಾಗಿಯೇ ಫೋನು ಮಾಡಿ, ಎಷ್ಟು ಜನ, ಯಾವ ಹೊತ್ತಿನ ಊಟಕ್ಕೆ ಎಂದು ತಿಳಿಸಿ. ಹತ್ತಾರು ಜನ ಕೂಡಿ ಹೊರಟಿದ್ದು, ಹಿಂದಿನ ರಾತ್ರಿ ಟಿಕೆಟ್ ಖಾತ್ರಿಯಾಗದೆ ಹೋದರೆ, ಚಾರ್ಟ್ ಆದ ತಕ್ಷಣ ಅದನ್ನೂ ತಿಳಿಸಿ. ಬರಲಾಗುವುದಿಲ್ಲ ಎಂದು ಹೇಳುವುದರಲ್ಲಿ ಅಶುಭವೇನೂ ಇಲ್ಲ. ಆ ಒಂದು ಮಾತಿನಿಂದ ಮದುವೆ ಮನೆಯವರ ಎಷ್ಟೋ ಖರ್ಚು, ಎಷ್ಟೋ ಜನರ ಅನ್ನ ಉಳಿಯುತ್ತದೆ.